ಸೂಜಿ ಹೋದ ದಾರಿ

ಭಾನುವಾರ ಬೆಳಗಾದರೆ ಊರ್ಡಿಗೆರೆಯಲ್ಲಿ ಕೋಳಿಗಿಂತ ಮೊದಲು ಬುಲೆಟ್ಟು ಕೂಗುತ್ತದೆ. ಡಾಬಸ್‌ಪೇಟೆಯ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದ ಬೆಂಗಳೂರಿನ ಹುಡುಗರು, ದೇವರಾಯನದುರ್ಗದ ನೆತ್ತಿಯ ಮಂಜು ಕರಗುವುದರೊಳಗೆ ಮೇಲೆ ಸೇರಬೇಕೆಂಬ ಅವಸರದಲ್ಲಿ ಹಿಂಡುಹಿಂಡಾಗಿ ಊರು ದಾಟುತ್ತಾರೆ. ಡುಗು ಡುಗು ಡುಗು. ಟೀ ಅಂಗಡಿಯ ಗಾಜಿನ ಲೋಟಗಳು ತಟ್ಟೆಯಲ್ಲಿ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. ಶಿವರಾತ್ರಿ ಕಳೆದು ವಾರವಾಗಿತ್ತು. ಜಗಲಿ ಜಗಲಿಯ ಮೇಲೂ ಹುಣಸೆಹಣ್ಣಿನ ರಾಶಿ. ಹೆಂಗಸರು ಕಾಲು ಚಾಚಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟಿ, ಬೀಜ ಒಂದು ಕಡೆಗೆ, ನಾರು ಒಂದು ಕಡೆಗೆ ಮಾಡುತ್ತಿದ್ದರು. ಬುಲೆಟ್ಟಿನ ಸದ್ದಿಗೆ ಒಬ್ಬರೂ ತಲೆ ಎತ್ತಲಿಲ್ಲ. ನಾಯಿಗಳು ಕೂಡ ಬೊಗಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿರಬೇಕು.

ನಾನು ಹೋಗಿದ್ದು ಬೆಟ್ಟ ನೋಡುವುದಕ್ಕಲ್ಲ. ನನಗೆ ಒಂದು ದಬ್ಬಣ ಬೇಕಾಗಿತ್ತು.

ನಮ್ಮಮ್ಮನ ಕಾಲದ ದಬ್ಬಣದ ಕಣ್ಣು ಮುರಿದಿತ್ತು. ತೆಂಗಿನಕಾಯಿ ತುಂಬಿದ ಗೋಣಿಚೀಲದ ಬಾಯಿ ಹೊಲಿಯುವಾಗ ಸುತಳಿ ಜಗ್ಗಿದ ಜೋರಿಗೆ ಕಣ್ಣಿನ ಒಂದು ಬದಿ ಸೀಳಿ ಬಂತು. ತುಮಕೂರಿನ ಅಂಗಡಿಯಲ್ಲಿ ಒಂದು ತಂದೆ. ಎರಡನೇ ಚೀಲಕ್ಕೇ ಬಾಗಿ ಬಿಲ್ಲಾಯಿತು. ಮಂಡಿಯಲ್ಲಿ ಚೀಲ ಹೊಲಿಯುವ ಹಮಾಲರನ್ನು ಕೇಳಿದೆ. ಅವರಲ್ಲೊಬ್ಬರು ತಲೆಗೆ ಸುತ್ತಿದ ಟವೆಲಿನ ಮಡಿಕೆಯಿಂದ ತಮ್ಮ ದಬ್ಬಣ ತೆಗೆದು ತೋರಿಸಿದರು. ಗೇಣುದ್ದ, ಕೈಬೆವರಿಗೆ ಬೆಳ್ಳಿಯ ಹಾಗೆ ಹೊಳಪು ಬಂದಿತ್ತು. “ಅಂಗಡೀದೆಲ್ಲ ತಗಡು ಸಾ. ಊರ್ಡಿಗೆರೆ ಕಡೆ ಆಚಾರ್ರ ಹತ್ರ ಮಾಡ್ಸಿ, ನಿಮ್ಮ ಮಕ್ಕಳ ಕಾಲಕ್ಕೂ ಇರ್ತದೆ” ಅಂದರು.

ಕುಲುಮೆ ಊರಾಚೆಗೆ, ಹೊಂಗೆ ಮರದ ಕೆಳಗೆ. ನಾಲ್ಕು ಕಂಬ, ಮೇಲೆ ಒಂದಷ್ಟು ತಗಡು, ಒಂದಷ್ಟು ತೆಂಗಿನ ಗರಿ. ನೆಲಕ್ಕೆ ಹೂತ ಮರದ ಕೊರಡಿನಲ್ಲಿ ಅಡಿಗಲ್ಲು. ‘ಕಲ್ಲು’ ಎಂದು ಹೆಸರು, ಆದರೆ ಅದೂ ಕಬ್ಬಿಣವೇ. ಹಿಂದೆ ಚರ್ಮದ ತಿದಿ ಇದ್ದ ಜಾಗದಲ್ಲಿ ಈಗ ಕೈಯಲ್ಲಿ ತಿರುಗಿಸುವ ಗಾಲಿ. ಕರೆಂಟಿನ ಬ್ಲೋಯರ್ ಕೂಡ ಇದೆ, ಕರೆಂಟು ಇಲ್ಲ. ಗೋಡೆಗೆ ಒರಗಿಸಿದ್ದ ಕಬ್ಬಿಣವೆಲ್ಲ ಲಾರಿಯ ಪಟ್ಟಿ. ಮಚ್ಚಾಗಲಿ, ಕುಡುಗೋಲಾಗಲಿ, ಕಾಯಿ ಸುಲಿಯುವ ಗೂಟದ ಮೊನೆಯಾಗಲಿ, ಈಗ ನಮ್ಮ ಜಿಲ್ಲೆಯ ಹತಾರವೆಲ್ಲ ಹುಟ್ಟುವುದು ಗುಜರಿಗೆ ಬಿದ್ದ ಲಾರಿಗಳ ಹೊಟ್ಟೆಯಿಂದ. ಹೆಬ್ಬೆರಳು ದಪ್ಪದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತ ಆಚಾರ್ರು ನನ್ನ ಮಾತು ಕೇಳಿಸಿಕೊಂಡರು.

“ಈಗ್ಲೇ ಆಗಾಕಿಲ್ಲ ಸಾ. ಮೂರು ಕುಡ್ಲು ಐತೆ, ಎರಡು ಮಚ್ಚು ಐತೆ. ಈವಯ್ಯಂದು ಒಂದು ದಬ್ಬಣಾನೇ ಐತೆ. ನಿಮ್ದು ಸಂಜೀಕ್ ಇಟ್ಟಿರ್ತೀನಿ, ಬನ್ನಿ.”

‘ಈವಯ್ಯ’ ಎಂದರೆ ಹುಣಸೆಹಣ್ಣಿನ ಚೀಲ ಹೊಲಿಸಬೇಕಿದ್ದ ಪಕ್ಕದ ಹಳ್ಳಿಯ ರೈತರು. ಅವರದು ಮೊದಲು. ಹಾಗಾಗಿ ನನ್ನದಲ್ಲದ ದಬ್ಬಣವೊಂದು ಹುಟ್ಟುವುದನ್ನು ಮೋಟು ಮರದ ಮೇಲೆ ಕೂತು ನೋಡುವ ಭಾಗ್ಯ ಸಿಕ್ಕಿತು.

ಆಚಾರ್ರು ಸೂರಿನ ಸಂದಿಗೆ ಕೈ ಹಾಕಿ ಎಳೆದದ್ದು ಸೈಕಲ್ ಚಕ್ರದ ಒಂದು ಕಡ್ಡಿಯನ್ನು. ಒಂದು ತುದಿಯನ್ನು ಬೆಂಕಿಗಿಟ್ಟರು. ಹೆಂಡತಿ ಗಾಲಿ ತಿರುಗಿಸಿದರು. ಇದ್ದಿಲು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ನಡುವಿನಲ್ಲಿ ಬಿಳುಪಿಗೆ ತಿರುಗುವ ಹೊತ್ತಿಗೆ ಕಡ್ಡಿಯ ತುದಿ ಬೆಂಕಿಯಲ್ಲಿ ಕಾಣದಂತಾಯಿತು. ಹೊರಗೆ ತೆಗೆದು ನಾಲ್ಕು ಏಟು, ತಿರುಗಿಸಿ ನಾಲ್ಕು ಏಟು. ದೊಡ್ಡ ಸುತ್ತಿಗೆ ಮುಟ್ಟಲಿಲ್ಲ, ಅಂಗೈಯಲ್ಲಿ ಅಡಗುವಂಥ ಒಂದು ಸಣ್ಣ ಸುತ್ತಿಗೆ. ತುದಿ ಹುಣಸೆಬೀಜದಷ್ಟು ಅಗಲವಾಗಿ ಚಪ್ಪಟೆಯಾಯಿತು. ಮತ್ತೆ ಕಾಯಿಸಿ, ಚೂಪು ಉಳಿಯನ್ನು ನಡುವಿಗಿಟ್ಟು ಟಕ್ ಎಂದು ಒಂದೇ ಒಂದು ಏಟು. ಹಿಂದು ಮುಂದು ಮಾಡಿ ಇನ್ನೊಂದು. ಕಣ್ಣು ಬಿತ್ತು. ಅದರ ಅಂಚನ್ನು ಅರದಲ್ಲಿ ಮೆಲ್ಲಗೆ ತೀಡುತ್ತ, “ಇಲ್ಲಿ ಒಂದ್ ಚೂರು ಒರಟಿದ್ರೂ ಸುತಳಿ ಕುಯ್ದಾಕ್ಬುಡ್ತದೆ. ಅಂಗಡೀಲಿ ಇದನ್ಯಾರು ನೋಡ್ತಾರೆ?” ಅಂದರು. ಇನ್ನೊಂದು ತುದಿಯನ್ನು ಕಾಯಿಸಿ ಬಡಿದು ಬೇವಿನೆಲೆಯ ತುದಿಯ ಹಾಗೆ ಮಾಡಿ, ತುಸುವೇ ಬಾಗಿಸಿದರು. ಚೀಲದ ಒಳಹೊಕ್ಕ ಮೊನೆ ತಾನಾಗಿ ಹೊರಗೆ ಮುಖ ಮಾಡಬೇಕಲ್ಲ, ಅದಕ್ಕೆ. ಕೊನೆಗೆ ಹದ. ಮೊನೆಯ ಮೇಲೆ ಬಣ್ಣ ಓಡುವುದನ್ನು ಅವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಜೋಳದ ಬಣ್ಣ ದಾಟಿ ನೇರಳೆಯ ನೆರಳು ಬೀಳುವ ಹೊತ್ತಿಗೆ ಚೊಯ್ ಎಂದು ತೊಟ್ಟಿಯ ನೀರಿಗೆ. ಬೇಗ ಇಳಿಸಿದರೆ ಗಾಜಿನ ಹಾಗೆ ಮುರಿಯುತ್ತದೆ, ತಡವಾದರೆ ನನ್ನ ತುಮಕೂರಿನ ದಬ್ಬಣದ ಹಾಗೆ ಬಾಗುತ್ತದೆ. ಈ ನಡುವಿನ ಒಂದು ಉಸಿರಿನಷ್ಟು ಹೊತ್ತಿಗೇ ಅವರ ಕೂಲಿ.

ಅಷ್ಟರಲ್ಲಿ ಇನ್ನೂ ಆರು ಬುಲೆಟ್ಟು ಹೋದವು.

ಬುಲೆಟ್ಟಿನ ಮೂಲ ಒಂದು ಸೂಜಿ ಕಾರ್ಖಾನೆ ಎಂದು ಓದಿದ್ದು ಆ ಹೊತ್ತಿಗೆ ನೆನಪಾಯಿತು. ಇಂಗ್ಲೆಂಡಿನ ನಡುಭಾಗದಲ್ಲಿ ರೆಡಿಚ್ ಎಂಬ ಊರು. 19ನೇ ಶತಮಾನದಲ್ಲಿ ಜಗತ್ತಿನ ದರ್ಜಿಗಳು, ಅಜ್ಜಿಯರು, ಹಡಗಿನ ಹಾಯಿ ಹೊಲಿಯುವವರು ಹಿಡಿದ ಸೂಜಿಗಳಲ್ಲಿ ಬಹುಪಾಲು ಅಲ್ಲಿಯವು. 1851ರಲ್ಲಿ ಜಾರ್ಜ್ ಟೌನ್‌ಸೆಂಡ್ ಎಂಬಾತ ಅದರ ಪಕ್ಕದ ಹಂಟ್ ಎಂಡ್‌ನಲ್ಲಿ ಸೂಜಿ ಮಾಡುವ ಕಾರ್ಖಾನೆ ಹಾಕಿದ. 1880ರ ದಶಕದಲ್ಲಿ ಅದೇ ಜಾಗದಲ್ಲಿ ಸೈಕಲ್ ತಯಾರಾಗತೊಡಗಿತು. ತಂತಿ ಎಳೆಯಲು, ಉಕ್ಕು ಹದ ಮಾಡಲು ಬಲ್ಲವರಿಗೆ ಸೈಕಲ್ಲೇನು ಮಹಾ? 1891ರಲ್ಲಿ ಆಲ್ಬರ್ಟ್ ಈಡಿ, ರಾಬರ್ಟ್ ವಾಕರ್ ಸ್ಮಿತ್ ಎಂಬಿಬ್ಬರು ಅದನ್ನು ವಹಿಸಿಕೊಂಡರು. (ಸ್ಮಿತ್ ಎಂದರೆ ಕಮ್ಮಾರ, ನಮ್ಮ ಲೆಕ್ಕದಲ್ಲಿ ಅವರೂ ಆಚಾರ್ರೇ.) ಎನ್‌ಫೀಲ್ಡ್ ಎಂಬಲ್ಲಿದ್ದ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಒದಗಿಸಿದ್ದರಿಂದ ಸೈಕಲ್ಲಿಗೆ ರಾಯಲ್ ಎನ್‌ಫೀಲ್ಡ್ ಎಂಬ ಹೆಸರು ಅಂಟಿತು. 1901ರಲ್ಲಿ ಮೊದಲ ಮೋಟಾರ್ ಸೈಕಲ್. 1955ರಲ್ಲಿ ಬುಲೆಟ್ಟು ಮದರಾಸಿಗೆ ವಲಸೆ ಬಂತು. ರೆಡಿಚ್‌ನ ಕಾರ್ಖಾನೆ 1967ರಲ್ಲಿ ಬಾಗಿಲು ಹಾಕಿತು, ಮದರಾಸಿನದು ಮಾತ್ರ ನಿಲ್ಲಲಿಲ್ಲ.

ಅಲ್ಲಿ ಸೂಜಿ ಸೈಕಲ್ಲಾಗಿ, ಸೈಕಲ್ಲು ಬುಲೆಟ್ಟಾಗಿ ಸಮುದ್ರ ದಾಟಿತು. ಇಲ್ಲಿ ಹೊಂಗೆ ಮರದ ಕೆಳಗೆ ಸೈಕಲ್ ಕಡ್ಡಿ ಮರಳಿ ಸೂಜಿಯಾಗುತ್ತಿತ್ತು. ಆಚಾರ್ರಿಗೆ ಇದನ್ನು ಹೇಳಿದೆ. ರಸ್ತೆಯ ಕಡೆ ಒಮ್ಮೆ ನೋಡಿ, “ಅಂಗಾದ್ರೆ ನಮ್ ನೆಂಟ್ರೇ ಅನ್ನಿ. ಒಂದ್ ದಿನಾನೂ ಇಳ್ದು ಮಾತಾಡ್ಸಿಲ್ಲ” ಅಂದು ಮುಂದಿನ ಕುಡುಗೋಲಿಗೆ ಕೈ ಹಾಕಿದರು.

ನೆಂಟಸ್ತನದ ಮಾತು ಬಂದಿದ್ದರಿಂದ, ನೀವು ಈ ಊರಿನವರೇನಾ ಎಂದು ಕೇಳಿದೆ. ಉತ್ತರ ಕೊಟ್ಟದ್ದು ಗಾಲಿ ತಿರುಗಿಸುತ್ತಿದ್ದ ಅಮ್ಮ.

“ದೊಡ್ಡೋನು ಹುಟ್ಟಿದ್ದು ಕೊರಟಗೆರೇಲಿ. ನಡೂಲೋಳು ತೋವಿನಕೆರೇಲಿ. ಕಿರಿಯೋನು ಇಲ್ಲೇ. ಅವ್ನು ಹುಟ್ಟಿದ ವರ್ಸ ಕೆರೆ ಕೋಡಿ ಬಿದ್ದಿತ್ತು.”

“ತೋವಿನಕೆರೇಲಿ ಯಾಕಮ್ಮ ನಿಲ್ಲಲಿಲ್ಲ?”

“ಅಲ್ಲಿ ನಮ್ ಭಾವನೋರ ಕುಲುಮೆ ಇತ್ತಲ್ಲಪ್ಪ. ಒಂದೂರಿಗೆ ಎರಡು ಕುಲುಮೆ ಆದ್ರೆ ಇಬ್ರಿಗೂ ಅರೆಹೊಟ್ಟೆ.”

ಇಸವಿಯಿಲ್ಲ, ದಾಖಲೆಯಿಲ್ಲ, ಮೂರು ಹೆರಿಗೆಗಳಲ್ಲಿ ಒಂದು ಮನೆತನದ ವಲಸೆಯ ನಕ್ಷೆ ಮುಗಿದಿತ್ತು. ಇಂಗ್ಲೆಂಡಿನಲ್ಲಿ ಸೂಜಿ ಮಾಡುತ್ತಿದ್ದ ಮನೆತನಗಳ ಜಾಡು ಹಿಡಿಯುವವರು ಕೂಡ ಮಾಡುವುದು ಇದನ್ನೇ. ಅಲ್ಲಿಯ 1841ರ ಜನಗಣತಿಯಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯಲ್ಲೋ ಅಲ್ಲವೋ ಎಂದಷ್ಟೇ ಬರೆದುಕೊಂಡಿದ್ದರು. 1851ರಲ್ಲಿ ಹುಟ್ಟಿದ ಊರಿನ ಹೆಸರಿಗೆ ಒಂದು ಕಾಲಂ ಬಂತು. ಮನೆ ಇರುವುದು ರೆಡಿಚ್‌ನಲ್ಲಿ, ಕಸುಬು ಸೂಜಿ. ಆದರೆ ಹತ್ತು ವರ್ಷದ ಹುಡುಗ ಹುಟ್ಟಿದ್ದು ಲಾಂಗ್ ಕ್ರೆಂಡನ್‌ನಲ್ಲಿ, ಎರಡು ವರ್ಷದ ತಂಗಿ ರೆಡಿಚ್‌ನಲ್ಲಿ ಎಂದಿದ್ದರೆ ಮುಗಿಯಿತು, ಆ ಎಂಟು ವರ್ಷದ ನಡುವೆ ಎಂದೋ ಒಂದು ದಿನ ಗಾಡಿಗೆ ಸಾಮಾನು ಏರಿದೆ.

ಲಾಂಗ್ ಕ್ರೆಂಡನ್ ಬಕಿಂಗ್‌ಹ್ಯಾಮ್‌ಶೈರಿನ ಒಂದು ಹಳ್ಳಿ. 16ನೇ ಶತಮಾನದಿಂದಲೂ ಅಲ್ಲಿ ಸೂಜಿ ಗೃಹಕೈಗಾರಿಕೆ. ಅಪ್ಪ ತಂತಿ ಕತ್ತರಿಸಿದರೆ ಅವ್ವ ಕಣ್ಣು ಕೊರೆಯಬೇಕು, ಮಕ್ಕಳು ಎಣಿಸಬೇಕು. ರೆಡಿಚ್‌ನಲ್ಲಿ ನೀರಿನ ಚಕ್ರ, ಆಮೇಲೆ ಹಬೆಯ ಯಂತ್ರ ಬಂದು ಸೂಜಿ ಅಗ್ಗವಾದಾಗ ಹಳ್ಳಿಯ ಕೈಸೂಜಿಗೆ ಗಿರಾಕಿ ತಪ್ಪಿತು. 19ನೇ ಶತಮಾನದ ನಡುವಿನಲ್ಲಿ ಆ ಮನೆತನಗಳು ಒಂದರ ಹಿಂದೊಂದು ಊರು ಬಿಟ್ಟವು. ಹೋದದ್ದು ಎಲ್ಲಿಗೆ? ತಮ್ಮ ಹೊಟ್ಟೆಗೆ ಹೊಡೆದ ಆ ರೆಡಿಚ್‌ಗೇ. ಬೇರೆ ಎಲ್ಲಿಗೆ ಹೋಗುತ್ತಾರೆ, ಕೈಗೆ ಬರುತ್ತಿದ್ದ ವಿದ್ಯೆ ಅದೊಂದೇ.

ರೆಡಿಚ್ ಸುಖದ ಊರಾಗಿತ್ತು ಎಂದುಕೊಳ್ಳಬೇಡಿ. ಅಲ್ಲಿ ಒಂದು ಸೂಜಿ ಮೂವತ್ತರ ಆಸುಪಾಸು ಕೈ ದಾಟಿ ಹೊರಗೆ ಬರುತ್ತಿತ್ತು. ಎರಡು ಸೂಜಿಯಷ್ಟು ಉದ್ದಕ್ಕೆ ತಂತಿ ಕತ್ತರಿಸಿ, ನೆಟ್ಟಗೆ ಮಾಡಿ, ಎರಡೂ ತುದಿಗೆ ಮೊನೆ ಹಿಡಿದು, ನಡುವಿನಲ್ಲಿ ಜೋಡಿ ಕಣ್ಣು ಕೊರೆದು, ಆಮೇಲೆ ನಡುವೆ ಮುರಿದರೆ ಅವಳಿ ಸೂಜಿ. ಕೊನೆಗೆ ಸಾವಿರಾರು ಸೂಜಿಗಳನ್ನು ಸಾಣೆಪುಡಿ, ಸಾಬೂನು, ಎಣ್ಣೆ ಹಾಕಿ ಗೋಣಿಬಟ್ಟೆಯಲ್ಲಿ ಉರುಳೆ ಕಟ್ಟಿ, ನೀರಿನ ಚಕ್ರದ ಬಲದಿಂದ ದಿನಗಟ್ಟಲೆ ಉರುಳಾಡಿಸಿ ಹೊಳಪು ಕೊಡುತ್ತಿದ್ದರು. ಅಂಥದೊಂದು ಗಿರಣಿ, ಫೋರ್ಜ್ ಮಿಲ್, ಈಗ ಸೂಜಿಯ ವಸ್ತುಸಂಗ್ರಹಾಲಯ. ಇದೆಲ್ಲದರಲ್ಲಿ ಕೆಟ್ಟದ್ದು ಮೊನೆ ಹಿಡಿಯುವ ಕೆಲಸ. ತಿರುಗುವ ಒಣ ಸಾಣೆಕಲ್ಲಿಗೆ ಮುಖ ಬಗ್ಗಿಸಿ, ಕೈಯಲ್ಲಿ ಹತ್ತಾರು ತಂತಿಗಳನ್ನು ಬೀಸಣಿಗೆಯಂತೆ ಹರಡಿ ಉಜ್ಜುವವರು, ಕಲ್ಲಿನ ಪುಡಿ, ಉಕ್ಕಿನ ಪುಡಿ ಎರಡನ್ನೂ ಉಸಿರಾಡಿ ನಲವತ್ತು ಕಾಣುವ ಮೊದಲೇ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು.

1820ರ ಆಸುಪಾಸಿನಲ್ಲಿ ಶೆಫೀಲ್ಡಿನ ಅಬ್ರಹಾಂ ಎಂಬಾತ ಅವರಿಗೆಂದು ಆಯಸ್ಕಾಂತದ ಮುಖಗವಸು ಮಾಡಿದ. ಗಾಳಿಯಲ್ಲಿ ಹಾರುವ ಉಕ್ಕಿನ ಪುಡಿ ಬಾಯಿಗೆ ಹೋಗದೆ ಆಯಸ್ಕಾಂತಕ್ಕೆ ಹತ್ತಿಕೊಳ್ಳಲಿ ಎಂದು. ಆಯಸ್ಕಾಂತಕ್ಕೆ ನಮ್ಮ ಹಳ್ಳಿಯ ಹೆಸರು ಸೂಜಿಗಲ್ಲು. ಸೂಜಿಯವರ ಪ್ರಾಣ ಉಳಿಸಲು ಸೂಜಿಗಲ್ಲೇ ಬಂದಿತ್ತು. ಅವರು ಬೇಡ ಎಂದರು! ಕೆಲಸ ಅಪಾಯದ್ದೆಂದೇ ಕೂಲಿ ಜಾಸ್ತಿ ಇತ್ತು. ಅಪಾಯ ಹೋದರೆ ಕೂಲಿಯೂ ಇಳಿಯುತ್ತದೆಂಬ ಭಯ. ಆಮೇಲೆ ಪುಡಿ ಹೀರುವ ಫ್ಯಾನು ಬಂದಾಗಲೂ ಮೊದಮೊದಲು ಇದೇ ಗಲಾಟೆ. ಈ ಲೆಕ್ಕಾಚಾರ ಓದಿ ನಗಬೇಕೆನಿಸಲಿಲ್ಲ ನನಗೆ. ನಮ್ಮ ಕಡೆ ಕಲ್ಲು ಕ್ವಾರಿಯಲ್ಲಿ ಮೂಗಿಗೆ ಬಟ್ಟೆ ಕೂಡ ಕಟ್ಟದೆ ಡ್ರಿಲ್ಲು ಹಿಡಿಯುವವರನ್ನು ನೋಡಿದ್ದೇನೆ.

ಹನ್ನೊಂದು ಗಂಟೆಗೆ ಆಚಾರ್ರು ಕೈ ತೊಳೆದು ರೊಟ್ಟಿಗೆ ಕೂತರು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ನನಗೂ ಒಂದು ಬಂತು. ರೊಟ್ಟಿ ಮುರಿಯುತ್ತ ಇನ್ನೊಂದು ಪ್ರಶ್ನೆ ಕೇಳಿದೆ: ಸಣ್ಣ ಸೂಜಿ, ಬಟ್ಟೆ ಹೊಲಿಯುವ ಸೂಜಿ, ನಿಮ್ಮ ಹಿರೀಕರು ಮಾಡುತ್ತಿದ್ದರಾ?

“ನಮ್ ತಾತ ಮಾಡ್ತಿದ್ರು ಅಂತ ನಮ್ಮಪ್ಪ ಹೇಳೋರು. ನಾನು ಕಂಡಿಲ್ಲ.”

ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದ ಹಾಗೆ ಎಂಬ ಗಾದೆ ನಮ್ಮಲ್ಲೂ ಇದೆ, ತಮಿಳರಲ್ಲೂ ಇದೆ. ಕಮ್ಮಾರನ ಮನೆಯಲ್ಲಿ ಸೂಜಿಗೆ ಬರವಿದ್ದಿದ್ದರೆ ಆ ಗಾದೆ ಹುಟ್ಟುತ್ತಿರಲಿಲ್ಲ. ಹೊಲಿಗೆಯನ್ನೇ ಕಾಯಕ ಮಾಡಿಕೊಂಡ ಶರಣರೊಬ್ಬರ ಹೆಸರಿನಲ್ಲೇ ಸೂಜಿ ಇದೆ, ಸೂಜಿಕಾಯಕದ ರಾಮಿತಂದೆ. ಹನ್ನೆರಡನೇ ಶತಮಾನದಲ್ಲಿ ಅವರ ಕೈಯ ಸೂಜಿ ರೆಡಿಚ್‌ನಿಂದ ಬಂದಿರಲಿಲ್ಲ.

ಉಕ್ಕಿಗೂ ನಮ್ಮಲ್ಲಿ ಕೊರತೆ ಇರಲಿಲ್ಲ. ಇಂಗ್ಲಿಷಿನವರು ಬೆರಗಾಗಿ ‘ವೂಟ್ಜ್’ ಎಂದು ಕರೆದ ಲೋಹದ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹೋದದ್ದು ಎಂದು ಬಲ್ಲವರು ಹೇಳುತ್ತಾರೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ನಮ್ಮ ಮಧುಗಿರಿ ಕಡೆಯ ಕುಲುಮೆಗಳ ಮುಂದೆ ಕೂತು ಎಲ್ಲ ಬರೆದುಕೊಂಡ. ಮಳೆಗೆ ಕೊಚ್ಚಿ ಬರುವ ಕರಿಮರಳನ್ನು ತೊಳೆದು ಕಬ್ಬಿಣ ಇಳಿಸುವುದು. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿಯ ಕಡ್ಡಿ, ಒಂದೆರಡು ಹಸಿರೆಲೆ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಕಾಯಿಸುವುದು. ತಣಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ದೇವರಾಯನದುರ್ಗದ ದಾರಿಯ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿಯನ್ನು ಈಗ ಮೇಕೆ ಕೂಡ ಮೂಸುವುದಿಲ್ಲ. ಒಂದು ಕಾಲಕ್ಕೆ ಅದು ಕತ್ತಿಯ ಹೊಟ್ಟೆಗೆ ಹೋಗುತ್ತಿತ್ತು.

ಅದೇ ಬುಕನನ್ ಚನ್ನಪಟ್ಟಣದಲ್ಲಿ ಇನ್ನೊಂದು ಕಂಡ. ಅಲ್ಲಿ ಉಕ್ಕನ್ನು ನೂಲಿನಂತೆ ಎಳೆದು ವಾದ್ಯಗಳಿಗೆ ತಂತಿ ಮಾಡುವವರಿದ್ದರು. ದೂರದೂರದ ಸೀಮೆಗಳಿಗೆ ಆ ತಂತಿ ಹೋಗುತ್ತಿತ್ತು. ಸೂಜಿ ಎಂದರೆ ಮತ್ತೇನು, ಮೊನೆಯೂ ಕಣ್ಣೂ ಇರುವ ಗಿಡ್ಡ ತಂತಿ. ಉಕ್ಕು ಮಧುಗಿರಿಯಲ್ಲಿ, ಉಕ್ಕಿನ ತಂತಿ ಚನ್ನಪಟ್ಟಣದಲ್ಲಿ, ಹದ ಬಲ್ಲ ಕೈ ಊರೂರಲ್ಲಿ. ಇಷ್ಟಿದ್ದೂ ಸೂಜಿ ಮಾತ್ರ ಕಪ್ಪು ಕಾಗದದ ಮಡಿಕೆಯಲ್ಲಿ ಹಡಗು ಹತ್ತಿ ಬಂದು ನಮ್ಮ ಸಂತೆಗಳಲ್ಲಿ ಕೂತಿತು. ಒಂದು ಕೈ ಒಂದು ಸೂಜಿ ಮುಗಿಸುವ ಹೊತ್ತಿಗೆ ಅಲ್ಲಿ ಮೂವತ್ತು ಕೈ ಸೇರಿ ಸಾವಿರಾರು ಮುಗಿಸುತ್ತಿದ್ದವು. ದಬ್ಬಣ ಮಾತ್ರ ಕಮ್ಮಾರನಲ್ಲೇ ಉಳಿಯಿತು. ಅದು ದೊಡ್ಡದು, ಒರಟು. ಊರಿನ ಚೀಲ ಎಷ್ಟು ದಪ್ಪ ಎಂಬುದು ಊರಿನವನಿಗೇ ಗೊತ್ತು.

ಮನೆತನಗಳ ಜಾಡು ಹಿಡಿಯುವವರು ನಮ್ಮಲ್ಲೂ ಇದ್ದರು. ನನ್ನ ಅಜ್ಜಿಯ ಊರು ಗುಬ್ಬಿ ಕಡೆ. ಸುಗ್ಗಿ ಮುಗಿದ ಮೇಲೆ ಅಲ್ಲಿಗೆ ಹೆಳವರು ಬರುತ್ತಿದ್ದರು. ಕಾಲಿಗೆ ಕಂಬಳಿ ಸುತ್ತಿಕೊಂಡು ಎತ್ತಿನ ಮೇಲೆ ಕೂತವರು, ಕೈಯಲ್ಲಿ ದೊಡ್ಡ ಗಂಟೆ. ಹೆಳವ ಎಂದರೆ ಕಾಲಿಲ್ಲದವ. ಮೂಲಪುರುಷನಿಗೆ ಬಸವಣ್ಣನವರೇ ಎತ್ತು ಕೊಟ್ಟರೆಂದು ಅವರ ನಂಬಿಕೆ. ನಮ್ಮ ಬಾಗಿಲಿಗೆ ಬಂದು ನಿಂತು ಗಂಟೆ ಬಾರಿಸಿ, ಮೂಲದ ಊರು ಯಾವುದು, ಯಾರು ಯಾರಿಗೆ ಹುಟ್ಟಿದರು, ಯಾವ ಬರಕ್ಕೆ ಯಾರು ಊರು ಬಿಟ್ಟರು ಎಂದು ಒಂದೇ ಉಸಿರಿಗೆ ಹೇಳುತ್ತ ಹೋಗುವರು. ‘ಧಾತು ಈಶ್ವರ ಬರದಲ್ಲಿ’ ಎಂದು ಹೇಳುವಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದಳು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರಿದು ಮಾಡಿದ ಬರ ಅದು. ಸತ್ತವರ ಹೆಸರು ಹೆಳವರ ಬಾಯಿಯಲ್ಲಿ ಉಳಿದಿತ್ತು. ಬರೆದಿಡಲು ಮೊದಲು ಓಲೆಗರಿ, ತಾಮ್ರದ ತಗಡು, ಈಚೆಗೆ ದಪ್ಪ ಲೆಕ್ಕದ ಪುಸ್ತಕ. ಅದರಲ್ಲಿ ಹೊಸದಾಗಿ ಹುಟ್ಟಿದ ನನ್ನ ಹೆಸರನ್ನು ಬರೆಸಿ ಅಜ್ಜಿ ಮೂರು ಸೇರು ರಾಗಿ ಕೊಟ್ಟಿದ್ದಳಂತೆ. ವಂಶಾವಳಿ ಕೂಡಿಡುವ ಅಮೆರಿಕದ ಸಂಸ್ಥೆಯೊಂದು ಈಗ ಹೆಳವರ ಪುಸ್ತಕಗಳ ಚಿತ್ರ ತೆಗೆದಿಡುವ ಕೆಲಸ ಮಾಡುತ್ತಿದೆ.

ಊರ್ಡಿಗೆರೆಯ ಆಚಾರ್ರ ಮನೆಗೆ ಹೆಳವರು ಬಂದದ್ದಿಲ್ಲವಂತೆ. “ನಾವೇ ಊರೂರು ತಿರುಗ್ತಿದ್ರೆ ಅವ್ರು ಯಾವ್ ಬಾಗ್ಲಿಗ್ ಬರ್ತಾರೆ?” ಎಂದರು ಅಮ್ಮ. ಆದರೆ ಜಾಡು ಅಳಿಸಿಲ್ಲ. ಮನೆದೇವರು ಮಧುಗಿರಿ ಕಡೆಯ ಒಂದು ಊರಿನಲ್ಲಿದೆ, ವರ್ಷಕ್ಕೊಮ್ಮೆ ಹೋಗಿ ಬರುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಯಾರ ಮೂಲ ತಿಳಿಯಬೇಕಾದರೂ ಮನೆದೇವರು ಎಲ್ಲಿ ಎಂದು ಕೇಳಿದರೆ ಸಾಕು. ಮನುಷ್ಯ ಹೊಲ ಬಿಡುತ್ತಾನೆ, ಮನೆ ಬಿಡುತ್ತಾನೆ, ದೇವರನ್ನು ಅಲ್ಲೇ ಬಿಟ್ಟು ಬಂದು ಮತ್ತೆ ಮತ್ತೆ ನೋಡಲು ಹೋಗುತ್ತಾನೆ. ಊರಿನವರು ಈಗಲೂ ಇವರನ್ನು ಕರೆಯುವುದು ‘ಕೊರಟಗೆರೆ ಆಚಾರ್ರು’ ಎಂದೇ. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು.

ಹಿಂದೆ ಕಮ್ಮಾರನಿಲ್ಲದ ಊರು ತಾನೇ ಹೋಗಿ ಒಬ್ಬರನ್ನು ಕರೆತರುತ್ತಿತ್ತು. ಮನೆಗೊಂದು ಜಾಗ, ವರ್ಷಕ್ಕೆ ಕಣದಲ್ಲಿ ಆಯದ ಕಾಳು. ಆ ಕಾಳಿಗೆ ಪ್ರತಿಯಾಗಿ ವರ್ಷವಿಡೀ ಕುಳ ತಟ್ಟಿಕೊಡಬೇಕು. ಟ್ರ್ಯಾಕ್ಟರ್ ಬಂತು, ಕುಳ ಹೋಯಿತು, ಕಾಳೂ ನಿಂತಿತು. ಈಗ ಕೈಕಾಸಿನ ವ್ಯಾಪಾರ. ದೊಡ್ಡ ಮಗ ಪೀಣ್ಯದಲ್ಲಿ ಲೇತಿಗೆ ನಿಂತಿದ್ದಾನೆ. ಕಿರಿಯವನು ಐಟಿಐ ಮುಗಿಸಿ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುತ್ತಾನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಮೇಲೆ ಅವನಿಗೆ ಕಣ್ಣಿದೆ. ಕುಣಿಗಲ್ ಕಡೆ ಎತ್ತಿಗೆ ಲಾಳ ಕಟ್ಟುತ್ತಿದ್ದ ಚಿಕ್ಕಪ್ಪನ ಮಗನೊಬ್ಬ ತುಮಕೂರಿನ ಎಚ್‌ಎಂಟಿಯಲ್ಲಿ ಗಡಿಯಾರದ ಕೆಲಸಕ್ಕಿದ್ದನಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ಕಾರ್ಖಾನೆ ಅದು, 2016ರಲ್ಲಿ ಮುಚ್ಚಿತು; ಜಾಗ ಇಸ್ರೋ ಪಾಲಾಯಿತು. “ಲಾಳ ಬಿಟ್ಟು ವಾಚಿನ ಮುಳ್ಳಿಗೆ ಹೋದ. ಎಷ್ಟ್ ಸಣ್ ಕೆಲ್ಸ ನೋಡಿ! ಕೊನೆಗೆ ಅದೂ ನಿಂತೋಯ್ತು” ಎಂದರು ಆಚಾರ್ರು. ನಿಂತಿದ್ದು ಗಡಿಯಾರವೋ ಕೆಲಸವೋ, ಅವರು ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನವೆಲ್ಲ ಬೆಟ್ಟದಲ್ಲಿ ಕಳೆದೆ. ನಾಮದ ಚಿಲುಮೆಯಲ್ಲಿ ಬಂಡೆಯ ಗುಳಿಯಿಂದ ಸೂಜಿಗಾತ್ರದ ನೀರು ಎಂದಿನಂತೆ ಜಿನುಗುತ್ತಿತ್ತು. ಮೇಲೆ ಯೋಗಾನರಸಿಂಹನ ಗುಡಿಯ ಮೆಟ್ಟಿಲ ಬುಡದಲ್ಲಿ ಒಬ್ಬಾಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಾಚಣಿಗೆ, ಹೇರ್‌ಪಿನ್ನು, ಬಳೆ, ಕರಿದಾರ, ಒಂದು ಮೂಲೆಯಲ್ಲಿ ಸೂಜಿಯ ಪೊಟ್ಟಣ. ಹಿಂದೆ ಇವರ ಕಡೆಯವರು ಬೀದಿ ಬೀದಿಯಲ್ಲಿ ಕೂಗಿ, ಬಾಚಿದಾಗ ಉದುರಿದ ತಲೆಗೂದಲಿನ ಉಂಡೆ ಈಸಿಕೊಂಡು ಅದಕ್ಕೆ ಬದಲಾಗಿ ಸೂಜಿ ಕೊಡುತ್ತಿದ್ದರು. ಹತ್ತು ರೂಪಾಯಿಗೆ ಒಂದು ಪೊಟ್ಟಣ ಕೊಂಡೆ. ಇಪ್ಪತ್ತು ಸೂಜಿ, ಒಂದರ ಹಾಗೆ ಇನ್ನೊಂದು. ಗುಡಿಯ ಮುಂದೆ ಸಾಲಾಗಿ ನಿಂತ ಬುಲೆಟ್ಟುಗಳ ಪಕ್ಕದಲ್ಲಿ ಹಾದುಬರುವಾಗ ಪೊಟ್ಟಣ ಜೇಬಿನಲ್ಲಿತ್ತು.

ಕೆಳಗೆ ಇಳಿಯುವ ಹೊತ್ತಿಗೆ ಲೆಕ್ಕ ತಪ್ಪಿ ಹೊತ್ತು ಮುಳುಗಿತ್ತು. ಊರ್ಡಿಗೆರೆಯ ಜಗಲಿಗಳಲ್ಲಿ ಹುಣಸೆ ಕುಟ್ಟುವ ಸದ್ದು ನಿಂತು, ತುಂಬಿದ ಚೀಲಗಳು ಸಾಲಾಗಿ ಕೂತಿದ್ದವು. ಬಾಯಿ ಹೊಲಿದ ಒಂದು ಚೀಲದ ಮೇಲೆ ಬೆಳಗಿನ ದಬ್ಬಣ ಸುತಳಿ ಸಮೇತ ಚುಚ್ಚಿಕೊಂಡು ನಿಂತಿತ್ತು, ಗುರುತು ಸಿಕ್ಕಿತು. ಕುಲುಮೆಯ ಬೆಂಕಿ ಬೂದಿ ಮುಚ್ಚಿ ಮಲಗಿತ್ತು. ಪಕ್ಕದಲ್ಲೇ ಇದ್ದ ಅವರ ಮನೆಯ ಹೊಸ್ತಿಲ ಒಳಗೆ ಎಣ್ಣೆ ದೀಪ. ನನ್ನ ದಬ್ಬಣ ಸೂರಿನ ಗರಿಯಲ್ಲಿ ಸಿಕ್ಕಿಸಿಟ್ಟಿದ್ದು ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ನಾನು ದುಡ್ಡು ತೆಗೆದೆ. ಅಮ್ಮ ಹೊಸ್ತಿಲಲ್ಲಿ ನಿಂತು ನೋಡಿದರು.

“ದೀಪ ಹಚ್ಚಾಯ್ತಲ್ಲಪ್ಪ.”

ಅರ್ಥವಾಗದೆ ಆಚಾರ್ರ ಮುಖ ನೋಡಿದೆ.

“ದೀಪ ಹಚ್ಚಿದ್ಮೇಲೆ ಸೂಜಿ ಆಚೆ ಕೊಡಾಕಿಲ್ಲ. ಲಕ್ಷ್ಮಿ ಓಗ್ತಾಳೆ” ಎಂದರು ಅಮ್ಮ.

“ಅಮ್ಮ, ಇದು ದಬ್ಬಣ.”

“ದೊಡ್ಡ ಸೂಜಿ ತಾನೆ?”

ಆಚಾರ್ರು ಇಕ್ಕಳ, ಸುತ್ತಿಗೆಗಳನ್ನು ಒಂದೊಂದಾಗಿ ಗೋಡೆಗೆ ತಗುಲಿಸುತ್ತಿದ್ದರು. ತಿರುಗದೆಯೇ, “ಕುಲುಮೆ ಉರಿಯೋವರ್ಗೂ ನನ್ ಮಾತು ಸಾ. ದೀಪ ಹಚ್ಚಿದ್ಮೇಲೆ ಅವ್ಳ್ ಮಾತು” ಎಂದರು. ದುಡ್ಡನ್ನೂ ಮುಟ್ಟಲಿಲ್ಲ. ಬುಧವಾರ ತುಮಕೂರಿಗೆ ಹೋಗುವ ಕಿರಿಯ ಮಗನ ಕೈಗೆ ಕೊಟ್ಟು ಕಳಿಸುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಈಸಿಕೊಳ್ಳಿ ಎಂದರು. ಹಗಲಲ್ಲೇ ಬರಬೇಕು ಎಂದು ಅಮ್ಮ ಸೇರಿಸಿದರು.

ಜೇಬಿನಲ್ಲಿ ಇಪ್ಪತ್ತು ಸೂಜಿ ಇಟ್ಟುಕೊಂಡು, ಬೇಕಾದ ಒಂದನ್ನು ಸೂರಿನಲ್ಲೇ ಬಿಟ್ಟು ರಸ್ತೆಗೆ ಬಂದೆ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಟ್ಟದ ಕಡೆಯಿಂದ ಒಂದೊಂದೇ ಬೆಳಕು ತಿರುವಿನಲ್ಲಿ ಕಾಣಿಸಿಕೊಂಡು ಕೆಳಗೆ ಇಳಿಯುತ್ತಿತ್ತು, ಡುಗು ಡುಗು ಡುಗು. ಟೀ ಅಂಗಡಿಯವನು ತೊಳೆದ ಲೋಟಗಳನ್ನು ಈ ಸಲ ಬೋರಲು ಹಾಕಿದ್ದ.